ಪ್ರೊಸೆಸರ್ ಪರೀಕ್ಷೆಯ ಅಂಕಗಳು ಕೊಳ್ಳುವವರಿಗೆ ನಿಜವಾಗಿ ನೆರವಾಗಬೇಕಾದರೆ ಅದರಲ್ಲಿ ಏನೇನಿರಬೇಕು?

ಧಾರವಾಡದ_ಗ್ರಂಥಪಾಲಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಆ ಚಿತ್ರಗಳನ್ನು ಟೆಸೆರಾಕ್ಟ್ ತಂತ್ರಾಂಶದಿಂದ ಓದಿಸಿ, ಪದ ಹುಡುಕಲು ಬರುವಂತಹ ಪಠ್ಯವನ್ನಾಗಿ ಮಾಡುವ ಕೆಲಸ ನಡೆಯುತ್ತಿದೆ. ಇದಕ್ಕೆ ಹೊಸ ಕಂಪ್ಯೂಟರುಗಳು ಬೇಕಾಗಿದ್ದು, ಯಾವ ಪ್ರೊಸೆಸರ್ ತೆಗೆದುಕೊಳ್ಳಬೇಕೆಂದು ಖರೀದಿ ಸಮಿತಿಯವರು ನನ್ನನ್ನು ಕೇಳಿದ್ದಾರೆ. ವಿಮರ್ಶೆಗಳನ್ನು ಓದಲು ಕುಳಿತರೆ ಎಲ್ಲೆಡೆ ಸಿಗುವುದು ಸಿನೆಬೆಂಚ್, ಗೀಕ್‌ಬೆಂಚ್ ಎಂಬ ವೇಗ ಅಳೆಯುವ ತಂತ್ರಾಂಶಗಳ ಅಂಕ ಮತ್ತು ಆಟಗಳಲ್ಲಿ ಸೆಕೆಂಡಿಗೆ ಎಷ್ಟು ಚಿತ್ರಗಳು (ಫ್ರೇಮ್) ಮೂಡುತ್ತವೆ ಎಂಬ ಪಟ್ಟಿ. ಒಂದಕ್ಕೆ 18,000, ಇನ್ನೊಂದಕ್ಕೆ 22,000 ಎಂದು ಬರೆದಿದ್ದರೆ, ಮುನ್ನೂರು ಪುಟಗಳ ಪುಸ್ತಕವೊಂದು ಯಾವುದರಲ್ಲಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಪರೀಕ್ಷೆ ಮಾಡುವವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅಷ್ಟು ಕಷ್ಟಪಟ್ಟು ಅಳೆದದ್ದು ಓದುಗರ ಕೈ ಸೇರುವಷ್ಟರಲ್ಲಿ ಮಾನವೇ ಇಲ್ಲದ ಒಂದು ಸಂಖ್ಯೆಯಾಗಿ ಉಳಿಯುತ್ತದೆ. ಯಾವ ಕೆಲಸ, ಎಷ್ಟು ನಿಮಿಷ, ಎಷ್ಟು ವ್ಯಾಟ್, ಯಾವ ಪರಿಸ್ಥಿತಿಯಲ್ಲಿ ಎಂಬುದನ್ನು ಹೇಳದ ಪಟ್ಟಿಯನ್ನು ನಂಬಿ ಕಾಲೇಜಿನ ಹಣವನ್ನು ಖರ್ಚು ಮಾಡಿಸುವುದು ಸರಿಯಲ್ಲವೆಂದು ನನಗನ್ನಿಸುತ್ತದೆ. ಇಲ್ಲಿ ಯಂತ್ರಗಳನ್ನು ಪರೀಕ್ಷಿಸಿ ಬರೆಯುವವರು ಹಲವರಿದ್ದೀರಿ. ಫಲಿತಾಂಶಗಳನ್ನು ಹೇಗೆ ಬರೆದರೆ ಓದುಗರಿಗೆ ಉಪಯೋಗವಾಗುತ್ತದೆ ಎಂಬುದನ್ನು ಚರ್ಚಿಸೋಣವೇ?

ಮೈಸೂರು_ಆಟಗಾರ

ಸಿನೆಬೆಂಚ್ ಒಂದನ್ನೇ ನೋಡಿ ತೀರ್ಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ 2022ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 7 5800ಎಕ್ಸ್3ಡಿ ಪ್ರೊಸೆಸರ್ ಒಳ್ಳೆಯ ಉದಾಹರಣೆ. ಅದರಲ್ಲಿ ಮೂರನೆಯ ಹಂತದ ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 96 ಮೆಗಾಬೈಟ್ ಇದೆ, ಸಾಮಾನ್ಯ 5800ಎಕ್ಸ್‌ನಲ್ಲಿ 32 ಮಾತ್ರ. ಆದರೆ ಅದರ ಗರಿಷ್ಠ ವೇಗ 4.7 ಗಿಗಾಹರ್ಟ್ಸ್‌ನಿಂದ 4.5ಕ್ಕೆ ಇಳಿದಿದೆ. ಸಿನೆಬೆಂಚ್ ಆರ್23 ಕ್ಯಾಶ್ ಮತ್ತು ರ್‍ಯಾಮ್‌ಗಳನ್ನು ಹೆಚ್ಚು ಅವಲಂಬಿಸುವುದಿಲ್ಲವಾದ್ದರಿಂದ ಅಲ್ಲಿ 3ಡಿ ಮಾದರಿಯೇ ತುಸು ಹಿಂದೆ ಬೀಳುತ್ತದೆ. ಅನೇಕ ಆಟಗಳಲ್ಲಿ ಅದೇ ಪ್ರೊಸೆಸರ್ ಸ್ಪಷ್ಟವಾಗಿ ಮುಂದಿದೆ. ಎರಡೂ ಅಳತೆಗಳು ಸರಿಯಾಗಿಯೇ ಇವೆ. ಯಾವುದು ಯಾರಿಗೆ ಅನ್ವಯಿಸುತ್ತದೆ ಎಂಬ ಒಂದು ವಾಕ್ಯವನ್ನು ಪಟ್ಟಿಯ ಕೆಳಗೆ ಯಾರೂ ಬರೆಯುವುದಿಲ್ಲ.

ಕರಾವಳಿ_ಕಂಪೈಲರ್

ಈ ಸಮಸ್ಯೆಯನ್ನು ಗಂಭೀರವಾಗಿ ಎದುರಿಸಿದವರು ಇದ್ದಾರೆ ಎಂಬುದನ್ನು ಮರೆಯಬಾರದು. 1988ರಲ್ಲಿ ಹುಟ್ಟಿದ ಸ್ಪೆಕ್ ಸಂಸ್ಥೆಯ ಉದ್ದೇಶವೇ ನಿಜವಾದ ಪ್ರೋಗ್ರಾಮುಗಳನ್ನು ಓಡಿಸಿ ಅಳೆಯುವುದಾಗಿತ್ತು. ಅದಕ್ಕೂ ಮೊದಲು 1984ರ ಡ್ರೈಸ್ಟೋನ್‌ನಂತಹ ಪುಟ್ಟ ಕೃತಕ ಪ್ರೋಗ್ರಾಮುಗಳೇ ಅಳತೆಗೋಲಾಗಿದ್ದವು, ಅವುಗಳಲ್ಲಿ ಕಂಪೈಲರಿನ (ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶದ) ಚಾತುರ್ಯವೇ ಪ್ರೊಸೆಸರಿನ ಶಕ್ತಿಯಾಗಿ ಕಾಣುತ್ತಿತ್ತು. ಸ್ಪೆಕ್‌ನ ‘ಸಿಪಿಯು 2017’ ಎಂಬ ಸರಣಿಯಲ್ಲಿ 43 ಪರೀಕ್ಷೆಗಳಿವೆ: ಜಿಸಿಸಿ ಕಂಪೈಲರ್, ಪರ್ಲ್, ವಿಡಿಯೊ ಸಂಕುಚಿಸುವ ಎಕ್ಸ್264, ಚದುರಂಗದ ಪ್ರೋಗ್ರಾಮು, ಹೀಗೆ. ಫಲಿತಾಂಶ ಪ್ರಕಟಿಸುವವರು ಕಂಪೈಲರಿನ ಆವೃತ್ತಿ, ಕೊಟ್ಟ ಆಯ್ಕೆಗಳು, ರ್‍ಯಾಮ್, ಬಯೋಸ್ (ಕಂಪ್ಯೂಟರಿನ ಮೂಲ ತಂತ್ರಾಂಶ) ಸೆಟ್ಟಿಂಗ್ ಎಲ್ಲವನ್ನೂ ಬಹಿರಂಗಪಡಿಸಬೇಕು. ಪ್ರತಿ ಪರೀಕ್ಷೆಯನ್ನು ಮೂರು ಬಾರಿ ಓಡಿಸಿದರೆ ನಡುವಣ ಫಲಿತಾಂಶವನ್ನು, ಎರಡೇ ಬಾರಿ ಓಡಿಸಿದರೆ ನಿಧಾನವಾದದ್ದನ್ನು ಕೊಡಬೇಕು.

ಗ್ರಂಥಪಾಲಕರೇ, ನಿಮಗೆ ಅಲ್ಲಿ ನೇರವಾಗಿ ಉಪಯೋಗವಾಗುವ ಒಂದು ಭೇದವಿದೆ. ಸ್ಪೆಕ್‌ಸ್ಪೀಡ್ ಎಂಬುದು ಒಂದು ಕೆಲಸ ಎಷ್ಟು ಬೇಗ ಮುಗಿಯುತ್ತದೆ ಎಂದು ಅಳೆಯುತ್ತದೆ. ಸ್ಪೆಕ್‌ರೇಟ್ ಎಂಬುದು ಒಂದೇ ಕೆಲಸದ ಹಲವು ಪ್ರತಿಗಳನ್ನು ಒಟ್ಟಿಗೆ ಓಡಿಸಿ, ನಿಗದಿತ ಅವಧಿಯಲ್ಲಿ ಎಷ್ಟು ಮುಗಿದವು ಎಂದು ನೋಡುತ್ತದೆ. ನೂರಾರು ಪುಟಗಳನ್ನು ಸಾಲುಗಟ್ಟಿ ಓದಿಸುವ ನಿಮ್ಮ ಕೆಲಸ ಎರಡನೆಯ ಬಗೆಯದು.

ಗಣಿತಪ್ರಿಯೆ

ಸ್ಪೆಕ್ ಕೂಡ ಕೊನೆಗೆ ಎಲ್ಲವನ್ನೂ ಗುಣೋತ್ತರ ಮಾಧ್ಯಕ್ಕೆ (ಸಂಖ್ಯೆಗಳನ್ನು ಕೂಡಿಸದೆ ಗುಣಿಸಿ, ಮೂಲ ತೆಗೆದು ಪಡೆಯುವ ಸರಾಸರಿಗೆ) ಇಳಿಸಿ ಒಂದೇ ಅಂಕ ಕೊಡುತ್ತದೆಯಲ್ಲವೇ? ಓದುಗರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಒಂದು ಸಣ್ಣ ಲೆಕ್ಕ ನೋಡಿ. ‘ಅ’ ಯಂತ್ರವು ಮೊದಲ ಕೆಲಸವನ್ನು 10 ನಿಮಿಷದಲ್ಲಿ, ಎರಡನೆಯದನ್ನು 40 ನಿಮಿಷದಲ್ಲಿ ಮುಗಿಸುತ್ತದೆ. ‘ಆ’ ಯಂತ್ರಕ್ಕೆ ಎರಡಕ್ಕೂ ತಲಾ 20 ನಿಮಿಷ ಬೇಕು. ಒಂದರಲ್ಲಿ ‘ಅ’ ಎರಡು ಪಟ್ಟು ವೇಗ, ಇನ್ನೊಂದರಲ್ಲಿ ‘ಆ’ ಎರಡು ಪಟ್ಟು ವೇಗ. ಗುಣೋತ್ತರ ಮಾಧ್ಯದ ಪ್ರಕಾರ ಎರಡೂ ಸಮ. ಆದರೆ ದಿನಕ್ಕೆ ಎರಡೂ ಕೆಲಸಗಳನ್ನು ಒಂದೊಂದು ಬಾರಿ ಮಾಡುವವರಿಗೆ ‘ಅ’ 50 ನಿಮಿಷ ಹಿಡಿದರೆ ‘ಆ’ 40 ನಿಮಿಷ ಹಿಡಿಯುತ್ತದೆ. ಮೊದಲ ಕೆಲಸವನ್ನು ನಾಲ್ಕು ಬಾರಿ, ಎರಡನೆಯದನ್ನು ಒಮ್ಮೆ ಮಾಡುವವರಿಗೆ ‘ಅ’ಗೆ 80, ‘ಆ’ಗೆ 100 ನಿಮಿಷ. ಇಬ್ಬರೂ ಬೇರೆ ಬೇರೆ ಯಂತ್ರವನ್ನೇ ಕೊಳ್ಳಬೇಕು, ಅಂಕವಾದರೋ ಯಾವುದನ್ನು ಕೊಂಡರೂ ಒಂದೇ ಎನ್ನುತ್ತದೆ. ಆದ್ದರಿಂದ ಪ್ರತಿಯೊಂದು ಕೆಲಸದ ಸಮಯವನ್ನು ನಿಮಿಷ, ಸೆಕೆಂಡುಗಳಲ್ಲಿಯೇ ಕೊಟ್ಟು, ಓದುಗರು ತಮ್ಮ ಪ್ರಮಾಣವನ್ನು ತಾವೇ ಹಾಕಿಕೊಂಡು ಕೂಡಿಸಲು ಬಿಡಬೇಕು.

ಕರಾವಳಿ_ಕಂಪೈಲರ್

ಲೆಕ್ಕ ಸರಿ ಮೇಡಂ, ಆದರೆ ಗುಣೋತ್ತರ ಮಾಧ್ಯವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅನುಪಾತಗಳ ಸಾಮಾನ್ಯ ಸರಾಸರಿ ತೆಗೆದರೆ, ಯಾವ ಯಂತ್ರವನ್ನು ಆಧಾರವಾಗಿ ಇಟ್ಟುಕೊಂಡಿರಿ ಎಂಬುದರ ಮೇಲೆ ಗೆದ್ದವರು ಬದಲಾಗುತ್ತಾರೆ. ನಿಮ್ಮದೇ ಉದಾಹರಣೆಯಲ್ಲಿ ‘ಆ’ವನ್ನು ಆಧಾರವಾಗಿಟ್ಟರೆ ‘ಅ’ಗೆ ಸರಾಸರಿ 1.25, ‘ಅ’ವನ್ನು ಆಧಾರವಾಗಿಟ್ಟರೆ ‘ಆ’ಗೂ 1.25 ಬರುತ್ತದೆ. ಇಬ್ಬರೂ ಶೇ 25ರಷ್ಟು ವೇಗವೆಂದು ಜಾಹೀರಾತು ಕೊಡಬಹುದು. 1986ರಲ್ಲೇ ಈ ಬಗ್ಗೆ ಪ್ರಸಿದ್ಧ ಲೇಖನವೊಂದು ಬಂದಿತ್ತು. ಗುಣೋತ್ತರ ಮಾಧ್ಯವು ಈ ತಾರತಮ್ಯವನ್ನು ತಡೆಯುತ್ತದೆ.

ಗಣಿತಪ್ರಿಯೆ

ಅದು ಒಪ್ಪತಕ್ಕ ಮಾತು. ಆದರೆ ಅದು ಆಧಾರ ಯಂತ್ರದ ಆಯ್ಕೆಯಿಂದಾಗುವ ಅನ್ಯಾಯವನ್ನು ತಡೆಯುತ್ತದೆಯೇ ಹೊರತು ನನ್ನ ಕೆಲಸಕ್ಕೆ ಹಿಡಿಯುವ ಸಮಯವನ್ನು ಹೇಳುವುದಿಲ್ಲ. ಒಟ್ಟು ಅಂಕವನ್ನು ಕೊಡುವುದಾದರೆ ಕೊಡಲಿ, ಅದರ ಒಳಗಿನ ಸಮಯಗಳನ್ನು ಬಚ್ಚಿಡಬಾರದು ಎಂಬುದಷ್ಟೇ ನನ್ನ ಆಗ್ರಹ.

ಮಲೆನಾಡಿಗ

ಸ್ಪೆಕ್ ಬಗ್ಗೆ ಇಷ್ಟು ಹೊಗಳಿಕೆ ಬಂದಿರುವುದರಿಂದ ಇನ್ನೊಂದು ಮುಖವನ್ನೂ ಹೇಳಬೇಕು. 1989ರ ಮೊದಲ ಸರಣಿಯಲ್ಲಿದ್ದ ಮ್ಯಾಟ್ರಿಕ್ಸ್300 ಎಂಬ ಪರೀಕ್ಷೆಯನ್ನು ಕಂಪೈಲರುಗಳು ಹಲವು ಪಟ್ಟು ವೇಗವಾಗಿಸಿಬಿಟ್ಟವು, ಉಳಿದ ಕೆಲಸಗಳು ಇದ್ದಲ್ಲಿಯೇ ಇದ್ದವು. 1992ರ ಆವೃತ್ತಿಯಲ್ಲಿ ಅದನ್ನು ಕೈಬಿಡಬೇಕಾಯಿತು. 2024ರ ಫೆಬ್ರವರಿಯಲ್ಲಿ ಮತ್ತೆ ಇದೇ ಆಯಿತು. ಇಂಟೆಲ್ ಕಂಪೈಲರಿನ ಕೆಲವು ಆವೃತ್ತಿಗಳು ಎಕ್ಸ್‌ಎಂಎಲ್ ಪರಿವರ್ತನೆಯ ಒಂದು ಪರೀಕ್ಷೆಯನ್ನು ಗುರುತಿಸಿ, ಅದರ ಕೋಡ್ ಮತ್ತು ದತ್ತಾಂಶವನ್ನು ಮೊದಲೇ ಬಲ್ಲಂತೆ ವೇಗ ಹೆಚ್ಚಿಸುತ್ತಿದ್ದವೆಂದು ಸ್ಪೆಕ್ ಸಂಸ್ಥೆಯೇ 2,600ಕ್ಕೂ ಹೆಚ್ಚು ಪ್ರಕಟಿತ ಫಲಿತಾಂಶಗಳಿಗೆ ಟಿಪ್ಪಣಿ ಸೇರಿಸಿತು.

ಕರಾವಳಿ_ಕಂಪೈಲರ್

ಎಲ್ಲವೂ ಬಹಿರಂಗವಾಗಿ ದಾಖಲಾಗಿದ್ದುದರಿಂದಲೇ ಅದನ್ನು ಪತ್ತೆಹಚ್ಚಿ, ಯಾವ ಯಾವ ಫಲಿತಾಂಶಗಳಿಗೆ ಅನ್ವಯಿಸುತ್ತದೆಯೆಂದು ಹೇಳಲು ಸಾಧ್ಯವಾಯಿತು. ಅಂಕವನ್ನು ಮಾತ್ರ ಬರೆದು ಬಿಡುವ ವಿಮರ್ಶೆಯಲ್ಲಿ ಇಂತಹದ್ದು ನಡೆದರೆ ಯಾರಿಗೂ ಗೊತ್ತಾಗುವುದೇ ಇಲ್ಲ.

ಬಿಸಿಲನಾಡು_ಕಲಬುರಗಿ

ದೊಡ್ಡ ಸಂಸ್ಥೆಗಳ ಮಾತು ಹಾಗಿರಲಿ, ಪರೀಕ್ಷೆ ಮಾಡಿದ ಕೋಣೆಯ ಉಷ್ಣತೆಯನ್ನು ಬರೆಯುವವರು ಎಷ್ಟು ಜನರಿದ್ದಾರೆ? ಹವಾನಿಯಂತ್ರಿತ ಕೋಣೆಯಲ್ಲಿ 25 ಡಿಗ್ರಿಯಲ್ಲಿ ಅಳೆದ ಅಂಕವನ್ನು ನಂಬಿ ನಮ್ಮ ಕಡೆ ಲ್ಯಾಪ್‌ಟಾಪ್ ಕೊಂಡವರು, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇರುವಾಗ ಫ್ಯಾನ್ ಗಾಳಿಯ ಕೆಳಗೆ ಕುಳಿತು ಅದೇ ವೇಗವನ್ನು ನಿರೀಕ್ಷಿಸುತ್ತಾರೆ. ಪ್ರೊಸೆಸರಿನ ಮಿತಿ 100 ಡಿಗ್ರಿ ಎಂದಿಟ್ಟುಕೊಳ್ಳಿ. ಕೋಣೆ 25 ಡಿಗ್ರಿ ಇದ್ದರೆ ಬಿಸಿಯನ್ನು ಹೊರಹಾಕಲು 75 ಡಿಗ್ರಿಯ ಅಂತರ ಸಿಗುತ್ತದೆ, 42 ಇದ್ದರೆ 58 ಮಾತ್ರ. ಅದೇ ಫ್ಯಾನು, ಅದೇ ಲೋಹದ ಕೊಳವೆ ಹೊರಹಾಕಬಲ್ಲ ವ್ಯಾಟ್ ಸುಮಾರು ಶೇ 23ರಷ್ಟು ಕಡಿಮೆಯಾಗುತ್ತದೆ. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿಯ ತಪ್ಪೂ ಅಲ್ಲ. ಆದರೆ ವಿಮರ್ಶೆ ಬರೆಯುವವರು ಥರ್ಮಾಮೀಟರ್ ನೋಡಿ ಒಂದು ಸಾಲು ಬರೆಯಲು ಏನು ಅಡ್ಡಿ?

ಮೈಸೂರು_ಆಟಗಾರ

ವ್ಯಾಟ್ ಶೇ 23ರಷ್ಟು ಇಳಿದರೆ ವೇಗವೂ ಶೇ 23ರಷ್ಟು ಇಳಿಯುತ್ತದೆ ಎಂದಲ್ಲ, ಅದನ್ನು ಸ್ಪಷ್ಟಪಡಿಸಬೇಕು. ಗರಿಷ್ಠ ವೇಗದ ಹತ್ತಿರ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಳೇ ಅತಿ ಹೆಚ್ಚು ವಿದ್ಯುತ್ತನ್ನು ತಿನ್ನುತ್ತವೆ, ಹಾಗಾಗಿ ವೇಗದ ಇಳಿತ ಅದಕ್ಕಿಂತ ಕಡಿಮೆ ಇರುತ್ತದೆ. ದೊಡ್ಡ ಕೂಲರ್ ಇರುವ ಡೆಸ್ಕ್‌ಟಾಪ್ ಮಿತಿಯನ್ನು ಮುಟ್ಟದೆಯೇ ಇರಬಹುದು.

ಬಿಸಿಲನಾಡು_ಕಲಬುರಗಿ

ಎಷ್ಟು ಕಡಿಮೆ ಎಂಬುದನ್ನು ಯಾರಾದರೂ ಅಳೆದು ಹೇಳಲಿ ಎಂಬುದೇ ನನ್ನ ಬೇಡಿಕೆ ಸರ್.

ಎಸ್_ಪಿ_ರಸ್ತೆ_ಗಿರಾಕಿ

ಲ್ಯಾಪ್‌ಟಾಪುಗಳಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ಐ7-1255ಯು ಎಂಬ ಪ್ರೊಸೆಸರಿನ ಮೂಲ ವಿದ್ಯುತ್ ಮಿತಿ 15 ವ್ಯಾಟ್, ಟರ್ಬೊ (ಸ್ವಲ್ಪ ಹೊತ್ತು ವೇಗ ಏರಿಸುವಾಗಿನ) ಮಿತಿ 55 ವ್ಯಾಟ್ ಎಂದು ಇಂಟೆಲ್ ಪ್ರಕಟಿಸಿದೆ. ಈ ಎರಡರ ನಡುವೆ ಎಲ್ಲಿ ನಿಲ್ಲಿಸಬೇಕು, ಎಷ್ಟು ಸೆಕೆಂಡು ನಿಲ್ಲಿಸಬೇಕು ಎಂಬುದನ್ನು ಲ್ಯಾಪ್‌ಟಾಪ್ ತಯಾರಕರು ನಿರ್ಧರಿಸುತ್ತಾರೆ. ತೆಳ್ಳನೆಯ ಮಾದರಿ ಅರ್ಧ ನಿಮಿಷ ಓಡಿ ಸುಸ್ತಾಗುತ್ತದೆ, ದಪ್ಪನೆಯದು ಅದೇ ಹೆಸರಿನ ಪ್ರೊಸೆಸರಿನಲ್ಲಿ ಗಂಟೆಗಟ್ಟಲೆ ಹೆಚ್ಚು ವೇಗ ಕೊಡುತ್ತದೆ. ಗೀಕ್‌ಬೆಂಚ್ ಪರೀಕ್ಷೆಗಳು ತುಣುಕು ತುಣುಕಾಗಿ, ನಡುವೆ ಬಿಡುವು ಕೊಟ್ಟು ನಡೆಯುವುದರಿಂದ ಈ ಸುಸ್ತು ಅದರಲ್ಲಿ ಕಾಣುವುದಿಲ್ಲ. ಅರ್ಧ ಗಂಟೆ ಎಡೆಬಿಡದೆ ಓಡಿಸಿ, ಮೊದಲ ನಿಮಿಷದ ವೇಗವನ್ನೂ ಕೊನೆಯ ನಿಮಿಷದ ವೇಗವನ್ನೂ ಪಕ್ಕಪಕ್ಕದಲ್ಲಿ ಕೊಟ್ಟರೆ ಓದುಗರಿಗೆ ಎಲ್ಲವೂ ಅರ್ಥವಾಗುತ್ತದೆ.

ಡೆಸ್ಕ್‌ಟಾಪಿನಲ್ಲೂ ಇದೇ ಕಥೆ. ಐ9-12900ಕೆ ಪ್ರೊಸೆಸರಿಗೆ 125 ವ್ಯಾಟ್ ಎಂದು ಬರೆದಿರುತ್ತದೆ, ಅದು ಸ್ವಲ್ಪ ಹೊತ್ತು ಮಾತ್ರ 241 ವ್ಯಾಟ್‌ಗೆ ಏರಿ ಇಳಿಯಬೇಕು, ಆದರೆ ಮದರ್‌ಬೋರ್ಡುಗಳು ಇಳಿಯಲು ಬಿಡುವುದಿಲ್ಲ.

ಕರಾವಳಿ_ಕಂಪೈಲರ್

ಕೊನೆಯ ಅಂಶಕ್ಕೆ ಒಂದು ತಿದ್ದುಪಡಿ. 12ನೇ ಪೀಳಿಗೆಯ ‘ಕೆ’ ಮಾದರಿಗಳಲ್ಲಿ ಇಂಟೆಲ್ ತಾನೇ ದೀರ್ಘಾವಧಿಯ ಮಿತಿಯನ್ನೂ 241 ವ್ಯಾಟ್‌ಗೆ ಏರಿಸಿತು, ಅಲ್ಲಿ ಇಳಿಯುವ ಪ್ರಶ್ನೆ ಇಲ್ಲ. ಅದಕ್ಕೂ ಹಿಂದಿನ ಪೀಳಿಗೆಗಳಿಗೆ ನಿಮ್ಮ ಮಾತು ಅನ್ವಯಿಸುತ್ತದೆ. ಎಎಂಡಿಯಲ್ಲೂ 170 ವ್ಯಾಟ್ ಎಂದು ಬರೆದ ರೈಜನ್ 9 7950ಎಕ್ಸ್ 230 ವ್ಯಾಟ್‌ವರೆಗೆ ಎಳೆಯಬಲ್ಲದು. ಪೆಟ್ಟಿಗೆಯ ಮೇಲಿನ ವ್ಯಾಟ್ ಬರೆದರೆ ಸಾಲದು, ಪರೀಕ್ಷೆಯಲ್ಲಿ ನಿಜವಾಗಿ ಎಷ್ಟು ಎಳೆಯಿತು ಎಂಬುದನ್ನು ಬರೆಯಬೇಕು.

ಎಸ್_ಪಿ_ರಸ್ತೆ_ಗಿರಾಕಿ

ಆ ವಿವರಕ್ಕೆ ಧನ್ಯವಾದ. ಕೊಳ್ಳುವವರ ಗೊಂದಲ ಇದರಿಂದ ಇನ್ನೂ ಹೆಚ್ಚುತ್ತದೆ, ಏಕೆಂದರೆ ಒಂದೇ ಪದಕ್ಕೆ ಪೀಳಿಗೆಯಿಂದ ಪೀಳಿಗೆಗೆ ಬೇರೆ ಅರ್ಥ ಬರುತ್ತಿದೆ. ರ್‍ಯಾಮ್ ಬಗ್ಗೆಯೂ ಇದನ್ನೇ ಹೇಳಬೇಕು. ವಿಮರ್ಶಕರಿಗೆ ಕಳಿಸುವ ಲ್ಯಾಪ್‌ಟಾಪಿನಲ್ಲಿ ಎರಡು ರ್‍ಯಾಮ್ ಕಡ್ಡಿಗಳಿದ್ದು, ಅಂಗಡಿಯಲ್ಲಿ ಸಿಗುವ ಅಗ್ಗದ ಆವೃತ್ತಿಯಲ್ಲಿ ಒಂದೇ ಇದ್ದರೆ, ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಸಿಗುವ ಮೆಮೊರಿ ಮಾರ್ಗ ಅರ್ಧಕ್ಕೆ ಇಳಿಯುತ್ತದೆ. ಪರೀಕ್ಷಿಸಿದ ಯಂತ್ರ ಅಂಗಡಿಯಲ್ಲಿ ಸಿಗುವ ಯಂತ್ರವೇ ಹೌದೋ ಅಲ್ಲವೋ ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಬೇಕು.

ಹಾಸನ_ವಿದ್ಯಾರ್ಥಿ

ಆಟಗಳ ಪರೀಕ್ಷೆಯ ಬಗ್ಗೆ ನನ್ನದೊಂದು ತಕರಾರಿದೆ. ಅತ್ಯಂತ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ, ಚಿತ್ರದ ಗುಣಮಟ್ಟವನ್ನು 1080ಪಿಗೆ ಇಳಿಸಿ ಪ್ರೊಸೆಸರುಗಳನ್ನು ಹೋಲಿಸುತ್ತಾರೆ. ಅಂತಹ ಕಾರ್ಡ್ ಇರುವವರು ಯಾರೂ 1080ಪಿಯಲ್ಲಿ ಆಡುವುದಿಲ್ಲ. ಇದು ಯಾರ ಉಪಯೋಗಕ್ಕೆ?

ಮೈಸೂರು_ಆಟಗಾರ

ಇದರ ಉದ್ದೇಶ ಬೇರೆ ತಮ್ಮಾ. 4ಕೆಯಲ್ಲಿ ಅಳೆದರೆ ಗ್ರಾಫಿಕ್ಸ್ ಕಾರ್ಡೇ ಮಿತಿಯಾಗಿ ಎಲ್ಲ ಪ್ರೊಸೆಸರುಗಳೂ ಒಂದೇ ಎತ್ತರದಲ್ಲಿ ನಿಲ್ಲುತ್ತವೆ, ಪ್ರೊಸೆಸರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಚಿತ್ರವನ್ನು ಇಳಿಸಿದಾಗ ಮಾತ್ರ ಯಾವ ಪ್ರೊಸೆಸರ್ ಸೆಕೆಂಡಿಗೆ ಎಷ್ಟು ಫ್ರೇಮ್ ಸಿದ್ಧಪಡಿಸಬಲ್ಲದು ಎಂಬ ಮೇಲ್ಮಿತಿ ಕಾಣುತ್ತದೆ. ಎರಡು ವರ್ಷ ಕಳೆದು ಹೊಸ ಕಾರ್ಡ್ ಹಾಕಿದಾಗ ಆ ಮೇಲ್ಮಿತಿಯೇ ಅಡ್ಡಿಯಾಗುತ್ತದೆ.

ಹಾಸನ_ವಿದ್ಯಾರ್ಥಿ

ಹಾಗಾದರೆ ಅದನ್ನು ಬರೆಯಬೇಕಲ್ಲವೇ ಅಣ್ಣಾ? ನನ್ನ ಬಳಿ ಇರುವ ಮಧ್ಯಮ ದರ್ಜೆಯ ಕಾರ್ಡಿನಲ್ಲಿ 60 ಫ್ರೇಮ್ ದಾಟುವುದೇ ಕಷ್ಟ. ಪಟ್ಟಿಯಲ್ಲಿ 180 ಮತ್ತು 220 ಎಂದು ನೋಡಿ, 220ರ ಪ್ರೊಸೆಸರಿಗೆ ಸಾವಿರಾರು ರೂಪಾಯಿ ಹೆಚ್ಚು ಕೊಟ್ಟ ಗೆಳೆಯರು ನನಗಿದ್ದಾರೆ. ಮಧ್ಯಮ ಕಾರ್ಡಿನೊಂದಿಗೂ ಒಂದು ಪಟ್ಟಿ ಕೊಟ್ಟು, ನಿಮ್ಮ ಕಾರ್ಡ್ ಇಷ್ಟರದಾದರೆ ಈ ವ್ಯತ್ಯಾಸ ನಿಮಗೆ ಕಾಣುವುದಿಲ್ಲ ಎಂದು ಹೇಳುವುದು ವಿಮರ್ಶಕರ ಕರ್ತವ್ಯ.

ಮೈಸೂರು_ಆಟಗಾರ

ಒಪ್ಪಿದೆ. ಸರಾಸರಿಯ ಜೊತೆಗೆ ಅತಿ ನಿಧಾನದ ಶೇ 1ರಷ್ಟು ಫ್ರೇಮುಗಳ ವೇಗವನ್ನೂ ಕೊಡಬೇಕು, ಆಟ ತಡವರಿಸುವುದು ಅಲ್ಲಿಯೇ ಗೊತ್ತಾಗುವುದು. ಆ ಶೇ 1ನ್ನು ಕೆಲವು ತಂತ್ರಾಂಶಗಳು ಸರಾಸರಿಯಾಗಿ, ಕೆಲವು ಶೇ 99ರಷ್ಟು ಫ್ರೇಮುಗಳು ದಾಟುವ ಒಂದು ಗಡಿಯಾಗಿ ಲೆಕ್ಕ ಹಾಕುತ್ತವೆ, ಯಾವ ವಿಧಾನವೆಂದು ಬರೆಯದಿದ್ದರೆ ಎರಡು ವಿಮರ್ಶೆಗಳನ್ನು ಹೋಲಿಸಲಾಗದು.

ಗಣಿತಪ್ರಿಯೆ

ಶೇ 2ರ ವ್ಯತ್ಯಾಸಕ್ಕೆ ‘ಗೆಲುವು’ ಎಂದು ಬರೆಯುವುದನ್ನೂ ನಿಲ್ಲಿಸಬೇಕು. ಒಂದೇ ಯಂತ್ರದಲ್ಲಿ ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಓಡಿಸಿದರೂ ಫಲಿತಾಂಶ ಅಷ್ಟು ಹಿಂದೆಮುಂದೆ ಆಗುತ್ತದೆ. 2009ರ ಒಂದು ಅಧ್ಯಯನದಲ್ಲಿ, ಪ್ರೋಗ್ರಾಮಿಗೆ ಸಂಬಂಧವೇ ಇಲ್ಲದ ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗಳ (ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಮುಗಳಿಗೆ ಒದಗಿಸುವ ಸೆಟ್ಟಿಂಗ್‌ಗಳ) ಗಾತ್ರ ಬದಲಾದದ್ದರಿಂದಲೇ ವೇಗ ಬದಲಾದದ್ದನ್ನು ತೋರಿಸಿದ್ದರು, ಏಕೆಂದರೆ ಅದರಿಂದ ಮೆಮೊರಿಯಲ್ಲಿ ಸ್ಟ್ಯಾಕ್ (ಪ್ರೋಗ್ರಾಮಿನ ತಾತ್ಕಾಲಿಕ ದತ್ತಾಂಶ) ಕೂರುವ ಜಾಗ ಬದಲಾಗುತ್ತದೆ. ಹಲವು ಬಾರಿ ಅಳೆದು, ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಫಲಿತಾಂಶಗಳ ನಡುವಿನ ಹರವನ್ನು ಪಟ್ಟಿಯ ಮೇಲೆ ಗೆರೆಯಾಗಿ ತೋರಿಸಬೇಕು. ಎರಡು ಪ್ರೊಸೆಸರುಗಳ ಗೆರೆಗಳು ಒಂದರ ಮೇಲೊಂದು ಬಂದರೆ ‘ವ್ಯತ್ಯಾಸ ಹೇಳಲಾಗದು’ ಎಂದು ನೇರವಾಗಿ ಬರೆಯಬೇಕು. ಪಟ್ಟಿಯ ಅಕ್ಷವನ್ನು ಸೊನ್ನೆಯಿಂದ ಆರಂಭಿಸದೆ, ಸಣ್ಣ ಅಂತರವನ್ನು ಎರಡು ಪಟ್ಟಿನಂತೆ ಕಾಣಿಸುವುದು ಓದುಗರಿಗೆ ಮಾಡುವ ಅನ್ಯಾಯ.

ಮಲೆನಾಡಿಗ

ವ್ಯಾಟ್ ಅಳೆದರೂ ಅದನ್ನು ಸಮಯದೊಂದಿಗೆ ಗುಣಿಸಿ ಕೊಡುವವರು ಕಡಿಮೆ. 200 ವ್ಯಾಟ್‌ನಲ್ಲಿ 6 ನಿಮಿಷ ಓಡಿದರೆ 20 ವ್ಯಾಟ್‌ಗಂಟೆ. 90 ವ್ಯಾಟ್‌ನಲ್ಲಿ 10 ನಿಮಿಷ ಓಡಿದರೆ 15. ನಿಧಾನವಾದದ್ದೇ ಅಗ್ಗ. ನಮ್ಮೂರಿನಂತೆ ಕರೆಂಟ್ ಹೋದಾಗ ಯುಪಿಎಸ್ ಮೇಲೆ ಕೆಲಸ ಮುಂದುವರಿಸಬೇಕಾದವರಿಗೆ ಇದು ಬಹಳ ಮುಖ್ಯ. ಅದನ್ನು ಗೋಡೆಯ ಪ್ಲಗ್ಗಿನಲ್ಲಿ ಮೀಟರ್ ಇಟ್ಟು ಅಳೆಯಬೇಕು. ಪ್ರೊಸೆಸರಿನ ಒಳಗಿನ ಎಣಿಕೆಯು ಮದರ್‌ಬೋರ್ಡು ಮತ್ತು ಪವರ್ ಸಪ್ಲೈಗಳಲ್ಲಿ ಆಗುವ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೋಡ್_ಕೋರಮಂಗಲ

ಯಂತ್ರಾಂಶ ವಿಮರ್ಶೆಯ ಜಾಲತಾಣ ಆನಂದ್‌ಟೆಕ್ 2024ರ ಆಗಸ್ಟ್ 30ರಂದು ನಿಂತುಹೋದದ್ದು ಈ ಚರ್ಚೆಯಲ್ಲಿ ನೆನಪಾಗುತ್ತಿದೆ. 1997ರಲ್ಲಿ ಆನಂದ್ ಲಾಲ್ ಶಿಂಪಿ ಆರಂಭಿಸಿದ ಆ ತಾಣದಲ್ಲಿ ಎರಡು ಪ್ರೊಸೆಸರುಗಳನ್ನು ಆರಿಸಿಕೊಂಡು, ಪರೀಕ್ಷೆಯಿಂದ ಪರೀಕ್ಷೆಗೆ ಪಕ್ಕಪಕ್ಕದಲ್ಲಿ ನೋಡುವ ಸೌಲಭ್ಯವಿತ್ತು. ರ್‍ಯಾಮನ್ನು ಪ್ರೊಸೆಸರ್ ತಯಾರಕರು ಅಧಿಕೃತವಾಗಿ ಒಪ್ಪಿದ ವೇಗದಲ್ಲೇ ಇಟ್ಟು ಅಳೆಯುತ್ತಿದ್ದರು. ಆ ನಿಯಮವನ್ನು ಅನೇಕ ಓದುಗರು ವಿರೋಧಿಸುತ್ತಿದ್ದರು, ನನಗೆ ಮಾತ್ರ ಅದು ಸರಿಯೆನ್ನಿಸುತ್ತಿತ್ತು. ಕಾಲೇಜು, ಕಚೇರಿಗಳಲ್ಲಿ ಬಯೋಸ್ ತೆರೆದು ರ್‍ಯಾಮ್ ವೇಗವನ್ನು ಬದಲಾಯಿಸುವವರು ಯಾರಿದ್ದಾರೆ?

ಇನ್ನು ಗೀಕ್‌ಬೆಂಚ್‌ನ ಬಹುಕೋರ್ ಅಂಕದ (ಪ್ರೊಸೆಸರಿನೊಳಗಿನ ಎಲ್ಲ ಲೆಕ್ಕಘಟಕಗಳನ್ನು, ಅಂದರೆ ಕೋರುಗಳನ್ನು, ಒಟ್ಟಿಗೆ ದುಡಿಸಿ ಪಡೆದ ಅಂಕದ) ಬಗ್ಗೆ ಗ್ರಂಥಪಾಲಕರು ಎಚ್ಚರದಿಂದಿರಬೇಕು. 2023ರಲ್ಲಿ ಬಂದ ಆರನೆಯ ಆವೃತ್ತಿಯಲ್ಲಿ ಎಲ್ಲ ಕೋರುಗಳೂ ಸೇರಿ ಒಂದೇ ಕೆಲಸವನ್ನು ಹಂಚಿಕೊಂಡು ಮಾಡುತ್ತವೆ, ಹಿಂದಿನ ಆವೃತ್ತಿಯಂತೆ ಪ್ರತಿಯೊಂದು ಕೋರೂ ತನ್ನ ಪಾಡಿಗೆ ಪ್ರತ್ಯೇಕ ಕೆಲಸ ಮಾಡುವುದಿಲ್ಲ. ಆದ್ದರಿಂದ 16 ಕೋರುಗಳ ಲಾಭ ಅಲ್ಲಿ ಪೂರ್ತಿ ಕಾಣುವುದಿಲ್ಲ. ಮನೆಯ ಬಳಕೆಗೆ ಅದು ಸಮಂಜಸವಾದ ಅಳತೆ. ಪುಟಗಳನ್ನು ಪ್ರತ್ಯೇಕವಾಗಿ ಓದಿಸುವ ನಿಮಗೆ ಅದು ಹೆಚ್ಚು ಕೋರಿನ ಯಂತ್ರದ ಸಾಮರ್ಥ್ಯವನ್ನು ಕಡಿಮೆ ಮಾಡಿ ತೋರಿಸುತ್ತದೆ.

ಧಾರವಾಡದ_ಗ್ರಂಥಪಾಲಕ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಕೆಲಸವನ್ನೇ ಪರೀಕ್ಷೆಯಾಗಿ ರೂಪಿಸಿದರೆ ಹೇಗೆ ಎಂದು ಯೋಚಿಸುತ್ತಿದ್ದೇನೆ. ನೂರು ಪುಟಗಳ ಒಂದು ಕಂತೆಯನ್ನು ಸಿದ್ಧಪಡಿಸುತ್ತೇನೆ. ನಿಮ್ಮಲ್ಲಿ ಬೇರೆ ಬೇರೆ ಪ್ರೊಸೆಸರ್ ಇರುವವರು ಅದನ್ನು ಓಡಿಸಿ, ಹಿಡಿದ ಸಮಯ, ಕೋಣೆಯ ಉಷ್ಣತೆ, ರ್‍ಯಾಮ್ ಕಡ್ಡಿಗಳ ಸಂಖ್ಯೆ ಮತ್ತು ಸಾಧ್ಯವಾದರೆ ಮೀಟರಿನ ವ್ಯಾಟ್‌ಗಂಟೆಯನ್ನು ಬರೆಯಬಹುದೇ?

ಬಿಸಿಲನಾಡು_ಕಲಬುರಗಿ

ಖಂಡಿತ. ಈಗೊಮ್ಮೆ, ಮತ್ತೆ ಬೇಸಿಗೆಯಲ್ಲೊಮ್ಮೆ ಓಡಿಸಿ ಎರಡನ್ನೂ ಕೊಡುತ್ತೇನೆ.

ಎಸ್_ಪಿ_ರಸ್ತೆ_ಗಿರಾಕಿ

ನಾನೂ ಕೊಡುತ್ತೇನೆ. ಬೆಲೆ ಹೋಲಿಸುವಾಗ ಪ್ರೊಸೆಸರಿನ ಬೆಲೆಯನ್ನಷ್ಟೇ ಬರೆಯಬೇಡಿ, ಅದಕ್ಕೆ ಬೇಕಾದ ಮದರ್‌ಬೋರ್ಡ್, ರ್‍ಯಾಮ್, ಕೂಲರ್ ಸೇರಿಸಿದ ಒಟ್ಟು ಮೊತ್ತವನ್ನು ದಿನಾಂಕದೊಂದಿಗೆ ಬರೆಯಿರಿ.

ಕೋಡ್_ಕೋರಮಂಗಲ

ಒಂದು ಮುಖ್ಯ ಸೂಚನೆ. ಟೆಸೆರಾಕ್ಟ್ ತಾನಾಗಿಯೇ ಒಂದು ಪುಟಕ್ಕೆ ನಾಲ್ಕು ಥ್ರೆಡ್‌ಗಳವರೆಗೆ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು) ಬಳಸುತ್ತದೆ. ನೀವು ಹಲವು ಪುಟಗಳನ್ನು ಒಟ್ಟಿಗೆ ಓಡಿಸಿದರೆ ಆ ಥ್ರೆಡ್‌ಗಳೆಲ್ಲ ಕೋರುಗಳಿಗಾಗಿ ಜಗ್ಗಾಡಿ ಒಟ್ಟು ಕೆಲಸ ನಿಧಾನವಾಗುತ್ತದೆ. ‘ಓಎಂಪಿ ಥ್ರೆಡ್ ಲಿಮಿಟ್’ ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್ ಅನ್ನು 1ಕ್ಕೆ ಇಟ್ಟು, ಕೋರುಗಳಷ್ಟೇ ಪುಟಗಳನ್ನು ಏಕಕಾಲಕ್ಕೆ ಓಡಿಸಿ. ಇದನ್ನು ಎಲ್ಲರೂ ಒಂದೇ ರೀತಿ ಮಾಡದಿದ್ದರೆ ನಾವು ಅಳೆಯುವುದು ಪ್ರೊಸೆಸರನ್ನಲ್ಲ, ಸೆಟ್ಟಿಂಗನ್ನು. ಓಡಿಸುವ ಆಜ್ಞೆಯನ್ನು ಒಂದು ಸ್ಕ್ರಿಪ್ಟಿನಲ್ಲಿ ಬರೆದು ಕಂತೆಯ ಜೊತೆಗೇ ಕೊಡಿ.

ಗಣಿತಪ್ರಿಯೆ

ಪುಸ್ತಕಗಳನ್ನು ಆರಿಸುವಾಗ ಲೇಖಕರು ತೀರಿಕೊಂಡು 60 ವರ್ಷ ದಾಟಿ ಹಕ್ಕುಸ್ವಾಮ್ಯ ಮುಗಿದವನ್ನೇ ಆರಿಸಿ, ಆಗ ಕಂತೆಯನ್ನು ಎಲ್ಲರಿಗೂ ಹಂಚಬಹುದು. ಒತ್ತಕ್ಷರಗಳು ಅಳಿಸಿದ ಹಳೆಯ ಅಚ್ಚಿನ ಪುಟಗಳೂ ಸ್ಪಷ್ಟವಾದ ಪುಟಗಳೂ ಎರಡೂ ಇರಲಿ.

ಧಾರವಾಡದ_ಗ್ರಂಥಪಾಲಕ

ಹಾಗೆಯೇ ಮಾಡುತ್ತೇನೆ. 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದ ಟಿಫ್ ಚಿತ್ರಗಳು ನಮ್ಮಲ್ಲಿವೆ. ಟೆಸೆರಾಕ್ಟ್ ಕನ್ನಡ ಓದಲು ಬಳಸುವ ದತ್ತಾಂಶ ಕಡತ ಎಲ್ಲರಿಗೂ ಒಂದೇ ಅಲ್ಲವೇ?

ಕೋಡ್_ಕೋರಮಂಗಲ

ಅಲ್ಲ ಸರ್. ‘ಫಾಸ್ಟ್’, ‘ಬೆಸ್ಟ್’ ಮತ್ತು ಸಾಮಾನ್ಯ ಎಂದು ಮೂರು ಬಗೆಯ ಕಡತಗಳಿವೆ, ‘ಬೆಸ್ಟ್’ ಕಡತಕ್ಕೆ ‘ಫಾಸ್ಟ್’ಗಿಂತ ಬಹಳ ಹೆಚ್ಚು ಸಮಯ ಬೇಕು. ಗ್ರಂಥಾಲಯದಲ್ಲಿ ನೀವು ದಿನವೂ ಯಾವುದನ್ನು ಬಳಸುತ್ತೀರೋ ಅದನ್ನೇ ಕಂತೆಯೊಳಗೆ ಸೇರಿಸಿ, ಟೆಸೆರಾಕ್ಟ್‌ನ ಆವೃತ್ತಿಯ ಸಂಖ್ಯೆಯನ್ನೂ ಬರೆದಿಡಿ. ಸ್ಕ್ರಿಪ್ಟನ್ನು ನಾನು ಬರೆದು ಇಲ್ಲಿಯೇ ಹಾಕುತ್ತೇನೆ.